ಬಿಳಿ ನೂಲಿನ ಸಾಕ್ಷಿ

ಕಳೆದ ಕಾರ್ತಿಕ ಮಾಸದ ಎರಡನೆಯ ಮಂಗಳವಾರ ಬೆಳಿಗ್ಗೆ, ಕುಷ್ಟಗಿ ತಾಲ್ಲೂಕಿನ ಒಂದು ನೇಕಾರರ ಊರಿನಲ್ಲಿ, ನೂಲಿಗೆ ಬಣ್ಣ ಹಾಕುತ್ತಿದ್ದ ಹಿರಿಯರೊಬ್ಬರು ತಮ್ಮ ಮನೆಯಲ್ಲಿ ತೀರಿಕೊಂಡರು. ಕಾರಣ, ಮೂತ್ರದ ಹಾದಿಯ ಒಳಪದರದ ಕ್ಯಾನ್ಸರ್. ಮೊದಲು ಅದು ಮೂತ್ರಚೀಲದಲ್ಲಿ ಕಂಡಿತ್ತು. ಆಮೇಲೆ ಬಲ ಮೂತ್ರಪಿಂಡದಿಂದ ಚೀಲಕ್ಕೆ ಇಳಿಯುವ ನಾಳದಲ್ಲಿ ಕಂಡಿತು.

ಅವರ ಹೆಸರನ್ನೂ ಊರಿನ ಹೆಸರನ್ನೂ ಬರೆಯಬಾರದೆಂದು ಅವರ ಹೆಂಡತಿ ಹೇಳಿದ್ದಾರೆ. ಊರವರು ಅವರನ್ನು ಬಣ್ಣದ ಕಾಕಾ ಎನ್ನುತ್ತಿದ್ದರು, ಹೆಂಡತಿಯನ್ನು ಅಕ್ಕಾ ಎನ್ನುತ್ತಿದ್ದರು. ಗಂಡ ಕಾಕಾ ಆದರೆ ಹೆಂಡತಿ ಅಕ್ಕ ಹೇಗಾದರು ಎಂದು ಯಾರೂ ಕೇಳಿದ್ದಿಲ್ಲ. ನಾನೂ ಹಾಗೆಯೇ ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಕಾಕಾನನ್ನು ನಾನು ಮೊದಲು ನೋಡಿದ್ದು ಮತಗಟ್ಟೆಯಲ್ಲಿ. ಆಗ ನಾನು ಕುಷ್ಟಗಿಯಲ್ಲಿ ಪತ್ರಿಕೆಯೊಂದರ ವರದಿಗಾರ. ಶಾಲೆಯ ಕೋಣೆಯೊಂದರಲ್ಲಿ ಮತದಾರರ ಸಾಲು ಮುಂದೆ ಸರಿಯುತ್ತಿರಲಿಲ್ಲ. ಏನಾಯಿತೆಂದು ಒಳಗೆ ಇಣುಕಿದರೆ, ಶಾಯಿ ಹಚ್ಚುವ ಹೆಣ್ಣುಮಗಳು ಒಬ್ಬ ಮನುಷ್ಯನ ಎಡಗೈ ಹಿಡಿದುಕೊಂಡು ಹಿಂದೆ ಮುಂದೆ ತಿರುವಿ ನೋಡುತ್ತಿದ್ದಳು. ಕೈ ಮೊಣಕೈವರೆಗೆ ನೀಲಿ ಇತ್ತು. ಉಗುರುಗಳು ಇನ್ನೂ ಗಾಢ.

“ಸರ್, ಇವ್ರು ಒಮ್ಮೆ ಓಟ್ ಹಾಕಿ ಹೋಗ್ಯಾರೋ ಏನೋ ತಿಳೀವಲ್ದು,” ಎಂದಳು ಆಕೆ ಅಧಿಕಾರಿಗೆ.

“ಒಮ್ಮೆ ಅಲ್ಲ ತಂಗಿ,” ಎಂದರು ಆ ಮನುಷ್ಯ. “ಈ ಕೈ ನೋಡಿದ್ರ ಹುಟ್ಟಿದಾಗಿಂದ ದಿನಾ ಓಟ್ ಹಾಕೀನಿ ಅನಸ್ತೈತಿ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಕೊನೆಗೆ ಅವರೇ ಬೆರಳಿನ ಉಂಗುರ ತೆಗೆದರು. ಉಂಗುರದ ಅಡಿಯಲ್ಲಿ ಚರ್ಮ ಬಿಳಿಯಾಗಿ ಉಳಿದಿತ್ತು. ಶಾಯಿ ಅಲ್ಲಿ ಬಿತ್ತು. ಹೊರಗೆ ಬಂದಾಗ ನಾನು ಪರಿಚಯ ಹೇಳಿಕೊಂಡೆ. “ಪೇಪರಿನವ್ರೇನು? ಬರ್ರಿ, ಚಾ ಕುಡಿಯೂಣು,” ಎಂದರು. ಅಂದಿನಿಂದ ಕೊನೆಯವರೆಗೂ ಅವರಿಗೆ ನಾನು ‘ಪೇಪರ್ ಸಾಹೇಬ’ ಆಗಿ ಉಳಿದೆ.

ಚಹಾ ಅಂಗಡಿಯಲ್ಲಿ ಅವರ ಗ್ಲಾಸಿಗೆ ಮಾತ್ರ ಒಂದು ತುಂಡು ಕಾಗದ ಸುತ್ತಿ ಕೊಡುತ್ತಿದ್ದರು. ಬೆವರಿದ ಅಂಗೈಯ ಬಣ್ಣ ಗಾಜಿಗೆ ಹತ್ತುತ್ತಿತ್ತು. “ಚಾದ ರೊಕ್ಕ ಬ್ಯಾಡ ಕಾಕಾ, ಗ್ಲಾಸ್ ತಿಕ್ಕಿ ಕೊಟ್ಟು ಹೋಗು ಸಾಕು,” ಎಂದು ಅಂಗಡಿಯವನು ಮೊದಲು ಗೊಣಗುತ್ತಿದ್ದನಂತೆ. ಕಾಗದ ಸುತ್ತುವ ಉಪಾಯ ಕಾಕಾನದೇ. ಹೆಚ್ಚಾಗಿ ಅದು ಹಳೆಯ ಪತ್ರಿಕೆಯ ತುಂಡು. ನನ್ನ ವರದಿ ಸಿಕ್ಕ ದಿನ ತೋರಿಸಿ, “ನಿಮ್ಮ ಸುದ್ದಿ ಬಿಸಿ ಐತಿ ನೋಡ್ರಿ,” ಎನ್ನುತ್ತಿದ್ದರು. ಅವರ ಕೈ ನೋಡಿ ಓಣಿಯವರಿಗೆ ಅಂದಿನ ಕೆಲಸ ಗೊತ್ತಾಗುತ್ತಿತ್ತು. ಕೆಂಪಿದ್ದರೆ ಸೀರೆಯ ಸೆರಗು, ಹಸಿರಿದ್ದರೆ ಒಡಲು, ಕಪ್ಪಿದ್ದರೆ ದಡಿ.

ಯಾವ ಸೀಮೆಯವರಿಗೆ ಯಾವ ಬಣ್ಣ ಎನ್ನುವುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಕಾರಟಗಿ, ಗಂಗಾವತಿ ಕಡೆ ಕಾಲುವೆ ನೀರು ಕಂಡವರಿಗೆ ದೂರದಿಂದ ಕಣ್ಣಿಗೆ ಹೊಡೆಯುವ ಬಣ್ಣ ಬೇಕು, ಯಲಬುರ್ಗಾ ಕಡೆಯವರಿಗೆ ಮಣ್ಣಿಗೆ ಹತ್ತಿರದ್ದು ಬೇಕು ಎನ್ನುತ್ತಿದ್ದರು. “ಕೊಪ್ಪಳದವ್ರಿಗೆ?” ಎಂದು ಕೇಳಿದರೆ, “ಅವ್ರು ಮೊಬೈಲಿನ್ಯಾಗ ನೋಡಿ ಹೇಳ್ತಾರ. ಮೊಬೈಲಿನ್ಯಾಗಿನ ಬಣ್ಣ ಭೂಮಿ ಮ್ಯಾಲ ಇಲ್ಲ.”

ಮನೆಯ ಹಿತ್ತಲೇ ಅವರ ಕಾರ್ಖಾನೆ. ಎರಡು ತಾಮ್ರದ ಬಾನಿ, ಒಂದು ಒಲೆ, ನೀರಿನ ತೊಟ್ಟಿ, ಒಣಗಿಸುವ ಗಳ. ಕಾಯ್ದ ಬಣ್ಣದ ನೀರಿನಲ್ಲಿ ನೂಲಿನ ಲಡಿಗಳನ್ನು ಕೋಲಿಗೆ ತೂಗುಹಾಕಿ ಇಳಿಬಿಡುತ್ತಿದ್ದರು. ಆಚೆ ಬದಿಗೆ ಅಕ್ಕ, ಈಚೆ ಬದಿಗೆ ಕಾಕಾ. ಬಣ್ಣ ಎಲ್ಲೆಡೆ ಸಮನಾಗಿ ಹತ್ತಬೇಕೆಂದರೆ ಲಡಿಯನ್ನು ಹೊರಳಿಸುತ್ತಲೇ ಇರಬೇಕು. ಮದುವೆಯಾಗಿ ಬಂದ ವರ್ಷದಿಂದ ಅಕ್ಕ ಆ ಬದಿಯಲ್ಲಿ ನಿಂತವರು. ಕೈಗವಸು ಎಂಬುದು ಆ ಹಿತ್ತಲಿಗೆ ಬಂದಿರಲಿಲ್ಲ. ನೀರಿಗೆ ಉಪ್ಪು, ಸೋಡಾ ಸಾಕೋ ಇಲ್ಲವೋ ಎಂದು ಕಾಕಾ ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. ಅವರ ಅಪ್ಪ ಕಲಿಸಿದ ಕ್ರಮ ಅದು. ಆಮೇಲೆ ಅದೇ ಬೆರಳುಗಳಲ್ಲಿ ಬೀಡಿ ಹಿಡಿದು ಒಲೆಯ ಕೊಳ್ಳಿಯಿಂದ ಹೊತ್ತಿಸುತ್ತಿದ್ದರು.

ಇನ್ನೊಂದು ಕ್ರಮವಿತ್ತು. ಬಣ್ಣ ಹತ್ತಿದ ಲಡಿಯನ್ನು ಹಲವು ನೀರಿನಲ್ಲಿ ಜಾಲಿಸಿ, ಕೊನೆಯ ನೀರಿಗೆ ಒಂದು ಬಿಳಿ ನೂಲಿನ ಎಳೆ ಹಾಕುವುದು. ಎಳೆ ಒಣಗಿದ ಮೇಲೂ ಬಿಳಿಯಾಗಿಯೇ ಇದ್ದರೆ ಬಣ್ಣ ಗಟ್ಟಿ, ಲಡಿ ಮಗ್ಗಕ್ಕೆ ಹೋಗಬಹುದು. ಎಳೆಗೆ ಬಣ್ಣ ಹತ್ತಿದರೆ ಕೆಲಸ ಮುಗಿದಿಲ್ಲ. ಇದಕ್ಕೆ ಸಾಕ್ಷಿ ಎಳೆ ಎಂದು ಹೆಸರು. ಬಾಗಿಲ ಪಕ್ಕದ ಮೊಳೆಗೆ ಅಂಥ ಎಳೆಗಳು ಯಾವಾಗಲೂ ಜೋತಾಡುತ್ತಿದ್ದವು. ನೇಕಾರರು ಲಡಿ ಒಯ್ಯಲು ಬಂದರೆ ಮೊದಲು ಆ ಮೊಳೆ ನೋಡುತ್ತಿದ್ದರು. “ಬಣ್ಣ ಸುಳ್ಳು ಹೇಳೂದಿಲ್ಲ. ನೋಡಾಂವ ಸುಳ್ಳು ಓದ್ತಾನ,” ಎಂಬುದು ಕಾಕಾನ ಮಾತು.

ಒಂದು ಚಳಿಗಾಲದಲ್ಲಿ ಅವರ ಮೂತ್ರ ಕೆಂಪಾಗಿ ಬಂತು. ನೋವಿರಲಿಲ್ಲ, ಉರಿ ಇರಲಿಲ್ಲ. ಒಂದೆರಡು ದಿನ ಬಂದು ತಾನೇ ನಿಂತಿತು. ವಾರಗಳ ನಂತರ ಮತ್ತೆ ಬಂತು, ಮತ್ತೆ ನಿಂತಿತು. ಈ ಸೀಮೆಯಲ್ಲಿ ಬೇರೆ ಯಾರಿಗಾದರೂ ಹಾಗಾಗಿದ್ದರೆ ಉಷ್ಣ ಎಂದು ಎಳನೀರು ಕುಡಿಯುತ್ತಿದ್ದರು, ಇಲ್ಲವೇ ಕಲ್ಲು ಎಂದು ಔಷಧಿ ಹುಡುಕುತ್ತಿದ್ದರು. ಕಾಕಾ ಅಷ್ಟನ್ನೂ ಮಾಡಲಿಲ್ಲ. ಅವರ ಪ್ರಕಾರ ಅದರಲ್ಲಿ ವಿಚಾರ ಮಾಡುವಂಥದ್ದೇ ಇರಲಿಲ್ಲ.

“ಬಣ್ಣದವ್ರ ಮೈಯಾಗ ಬಣ್ಣ ಇರ್ತೈತಿ,” ಎಂದು ಅಕ್ಕನಿಗೆ ಹೇಳಿದರಂತೆ. “ಬೆವರಿನ್ಯಾಗ ಬರ್ತೈತಿ, ಉಗುಳಿನ್ಯಾಗ ಬರ್ತೈತಿ. ಒಂದಕ್ಕ ಹ್ವಾದಾಗ ಬಂದ್ರ ಏನಾತು? ನಮ್ಮಪ್ಪಗೂ ಬರ್ತಿತ್ತು.”

ಮೂರನೆಯ ಸಲ ಬಂದಾಗ ಬಾನಿಯಲ್ಲಿ ಕೆಂಪು ಇರಲಿಲ್ಲ.

“ವಾರ ಆತು, ಹಸರು ನಡದೈತಿ,” ಎಂದರು ಅಕ್ಕ. “ನಿಂದು ಕೆಂಪ ಯಾಕ ಬರ್ತೈತಿ?”

“ಹಳೇದು ಉಳದಿರ್ತೈತಿ.”

“ಹೊಟ್ಟ್ಯಾಗ ಗೋದಾಮು ಇಟ್ಟೀಯೇನು?”

ಕಾಕಾ ಎದ್ದು ಚಹಾ ಅಂಗಡಿಗೆ ಹೋದರು. ಅಕ್ಕ ಬಚ್ಚಲಲ್ಲಿ ಒಂದು ಡಬ್ಬಿ ಇಟ್ಟರು. ಮರುದಿನ ಬೆಳಿಗ್ಗೆ ಅದರಲ್ಲಿದ್ದ ಗಂಡನ ಮೂತ್ರಕ್ಕೆ ಒಂದು ಬಿಳಿ ಎಳೆ ಅದ್ದಿ ಒಣಗಲು ಹಾಕಿದರು. ಇನ್ನೊಂದು ಎಳೆಯನ್ನು ಉಳಿದಿದ್ದ ಕೆಂಪು ಬಣ್ಣದ ನೀರಿನಲ್ಲಿ ಅದ್ದಿ ಪಕ್ಕದಲ್ಲಿ ಹಾಕಿದರು. ಮಧ್ಯಾಹ್ನದ ಬಿಸಿಲಿಗೆ ಎರಡೂ ಒಣಗಿದವು. ಬಾನಿಯ ಎಳೆ ಕೆಂಪಾಗಿಯೇ ಉಳಿಯಿತು. ಡಬ್ಬಿಯ ಎಳೆ ಒಣಗಿದ ರಕ್ತದ ಹಾಗೆ ಕಂದು ತಿರುಗಿತು. ಊಟಕ್ಕೆ ಕೂತ ಗಂಡನ ತಾಟಿನ ಪಕ್ಕ ಎರಡನ್ನೂ ಇಟ್ಟು ಅಕ್ಕ ರೊಟ್ಟಿ ಬಡಿಯಲು ಹೋದರು. ಕಾಕಾ ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು, ಕಂದು ಎಳೆಯನ್ನು ಉಗುರಿನಿಂದ ಕೆರೆದರು.

“ಇದು ನಮ್ಮ ಬಾನೀದಲ್ಲ,” ಎಂದರು.

ಆ ಹೊತ್ತಿಗೆ ನನಗೆ ಕೊಪ್ಪಳಕ್ಕೆ ವರ್ಗವಾಗಿತ್ತು. ಗಂಡಹೆಂಡತಿ ಇಬ್ಬರೂ ಬಸ್ಸು ಹತ್ತಿ ನನ್ನ ಕಚೇರಿಗೆ ಬಂದರು. ವಾರಕ್ಕೊಮ್ಮೆ ಕೊಪ್ಪಳಕ್ಕೆ ಬರುವ ಮೂತ್ರರೋಗದ ತಜ್ಞೆಯ ಬಳಿ ಕರೆದುಕೊಂಡು ಹೋದೆ. ಆಕೆಯೂ ಈ ಕಡೆಯವರೇ. ಎಳೆಯ ಕಥೆಯನ್ನು ಪೂರ್ತಿ ಕೇಳಿ, “ಛಲೋ ಮಾಡೀರಿ,” ಎಂದು ಅಕ್ಕನಿಗೆ ಹೇಳಿ, ನಂತರ ಕಾಕಾನನ್ನು ಕೇಳಿದರು:

“ನಿಮ್ಮ ತಂದಿಗೂ ಕೆಂಪ ಬರ್ತಿತ್ತು ಅಂದ್ರಿ. ಅವ್ರು ಹ್ಯಾಂಗ ತೀರಿಕೊಂಡ್ರು?”

“ಉಚ್ಚಿ ಕಟ್ಟಿ,” ಎಂದರು ಕಾಕಾ. ಹೇಳಿದ ಮೇಲೆ ತಮ್ಮ ಅಂಗೈ ತಿರುವಿ ನೋಡಿಕೊಂಡರು.

ಸ್ಕ್ಯಾನಿನಲ್ಲಿ ಮೂತ್ರಚೀಲದೊಳಗೆ ಗಡ್ಡೆ ಕಂಡಿತು. ವೈದ್ಯೆ ಕಾಗದದ ಮೇಲೆ ಚಿತ್ರ ಬರೆದರು. ಮೇಲೆ ಎರಡು ಮೂತ್ರಪಿಂಡ, ಅವುಗಳಿಂದ ಇಳಿಯುವ ಎರಡು ನಾಳ, ಕೆಳಗೆ ಚೀಲ. “ಕೋಟಿಗೆ ಒಳಗ ಅಸ್ತರ ಇರ್ತೈತಲ್ಲ, ಹಂಗ ಇದಕ್ಕೆಲ್ಲ ಒಳಗ ಒಂದ ಅಸ್ತರ. ಮ್ಯಾಲಿಂದ ಕೆಳಗಿನ ತನಕ. ರೋಗ ಬಂದಿರೂದು ಆ ಅಸ್ತರಕ್ಕ,” ಎಂದರು.

“ಅಂದ್ರ ಒಂದ ಲಡಿ,” ಎಂದರು ಕಾಕಾ. “ಒಂದ ಬಾನ್ಯಾಗ ಅದ್ದಿದ್ದು.”

“ಹೌದ್ರಿ. ರಕ್ತದಾಗಿನ ಕಸ ಸೋಸಿ ಮೂತ್ರಕ್ಕ ಬರ್ತೈತಿ. ಬೀಡಿ ವಿಷ ಇರ್ಲಿ, ಬಣ್ಣದ ವಿಷ ಇರ್ಲಿ, ಆ ನೀರಿನ್ಯಾಗ ಅಸ್ತರ ಪೂರಾ ವರ್ಷಾನುಗಟ್ಲೆ ನೆನದಿರ್ತೈತಿ. ಅದಕ್ಕ ಇವತ್ತು ಇಲ್ಲಿ ತಗದ್ರ ನಾಳೆ ಇನ್ನೊಂದು ಕಡೆ ಕಾಣಬಹುದು. ಒಮ್ಮೆ ತಗದ್ರ ಮುಗೀತು ಅನ್ನಂಗಿಲ್ಲ.”

ಬೀಡಿಯೋ ಬಣ್ಣವೋ ಎಂದು ನಾನು ಕೇಳಿದೆ. ಸುದ್ದಿಗೆ ಅದು ಮುಖ್ಯವಾಗಿತ್ತು. ಒಬ್ಬ ಮನುಷ್ಯನನ್ನು ಮುಂದಿಟ್ಟುಕೊಂಡು ಇದರಿಂದಲೇ ಬಂತೆಂದು ಹೇಳಲು ಬರುವುದಿಲ್ಲ ಎಂದು ವೈದ್ಯೆ ಹೇಳಿದರು. ಬೀಡಿ, ಸಿಗರೇಟು ದೊಡ್ಡ ಕಾರಣ. ಹಿಂದೆ ಬಳಕೆಯಲ್ಲಿದ್ದ ಕೆಲವು ಬಣ್ಣಗಳೂ ಕಾರಣ. ಅವುಗಳ ಪರಿಣಾಮ ಕಾಣಲು ದಶಕಗಳೇ ಹಿಡಿಯಬಹುದು. ಕಾಕಾ ಎರಡನ್ನೂ ಬಳಸಿದವರು. ನಾನು ಸುದ್ದಿ ಮಾಡಲಿಲ್ಲ.

ಆ ದಿನವೇ ಕಾಕಾ ಬೀಡಿ ಬಿಟ್ಟರು. ನಾಲಿಗೆಗೆ ಬೆರಳು ಹಚ್ಚುವುದನ್ನು ಬಿಡಲಿಲ್ಲ. ಅಕ್ಕ ಬೈದರೆ, “ಕೈ ಮರೀತೈತಿ, ನಾನಲ್ಲ,” ಎನ್ನುತ್ತಿದ್ದರು.

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಗಡ್ಡೆ ತೆಗೆದರು. ಹೊಟ್ಟೆ ಕೊಯ್ಯಲಿಲ್ಲ. ಮೂತ್ರ ಬರುವ ದಾರಿಯಿಂದಲೇ ದುರ್ಬೀನು ಒಳಗೆ ಬಿಟ್ಟು ಕೆರೆದು ತೆಗೆದರು. ರೋಗ ಒಳಪದರದಲ್ಲೇ ಇದೆ, ಚೀಲದ ಸ್ನಾಯುವಿಗೆ ಇಳಿದಿಲ್ಲ ಎಂದು ವರದಿ ಬಂತು. ನಂತರ ಕೆಲವು ವಾರ, ವಾರಕ್ಕೊಮ್ಮೆ, ಕ್ಷಯದ ಲಸಿಕೆಯಿಂದ ಮಾಡಿದ ಔಷಧಿಯನ್ನು ನಳಿಕೆಯ ಮೂಲಕ ಚೀಲದೊಳಗೆ ತುಂಬಿದರು. ಅದನ್ನು ಹೊರಗೆ ಬಿಡದೆ ತಡೆದು ಹಿಡಿದುಕೊಳ್ಳಬೇಕು, ಆಗಾಗ ಮಗ್ಗುಲು ಬದಲಿಸುತ್ತಿರಬೇಕು ಎಂದು ಅಲ್ಲಿನ ನರ್ಸ್ ಹೇಳಿದಾಗ ಕಾಕಾ ಹಾಸಿಗೆಯಲ್ಲೇ ನಕ್ಕುಬಿಟ್ಟರು.

“ಯಾಕ ನಗ್ತೀರಿ ಅಜ್ಜಾರ?”

“ಹೊಳ್ಳಸ್ಬೇಕಲ್ಲವ್ವ, ಇಲ್ಲಂದ್ರ ಸಮ ಹತ್ತೂದಿಲ್ಲ. ಇಷ್ಟು ವರ್ಷ ನಾ ಲಡಿ ಹೊಳ್ಳಿಸಿದೆ. ಈಗ ನಾನ ಲಡಿ ಆಗೀನಿ.”

ಮೂರು ತಿಂಗಳಿಗೊಮ್ಮೆ ದುರ್ಬೀನಿನ ತಪಾಸಣೆಗೆ ಬರಬೇಕೆಂದು ಹೇಳಿದ್ದರು. ಮೊದಲ ತಪಾಸಣೆ ಸ್ವಚ್ಛವಾಗಿತ್ತು. ಎರಡನೆಯದೂ ಸ್ವಚ್ಛವಾಗಿತ್ತು. ಆದರೆ ಆ ಪರೀಕ್ಷೆ ಅವರಿಗೆ ಸೇರುತ್ತಿರಲಿಲ್ಲ. ನೋವಿಗಿಂತ ನಾಚಿಕೆ ಹೆಚ್ಚು ಎಂದು ಒಮ್ಮೆ ಹೇಳಿದರು. ಊರಿಗೆ ಮರಳಿದ ಮೇಲೆ ಅವರದೇ ತಪಾಸಣೆ ಶುರುವಾಯಿತು. ಬೆಳಿಗ್ಗೆ ಎದ್ದು ಡಬ್ಬಿಯಲ್ಲಿ ಒಂದು ಬಿಳಿ ಎಳೆ ಅದ್ದುವುದು, ಒಣಗಿಸಿ ನೋಡುವುದು. ಹಿತ್ತಲ ಗೋಡೆಗೆ ಅದಕ್ಕೆಂದೇ ಬೇರೆ ಮೊಳೆ ಹೊಡೆದರು. ಮೊದಮೊದಲು ಅಕ್ಕನಿಗೂ ಅದು ಸರಿ ಕಂಡಿತ್ತು. ರೋಗ ಹಿಡಿದುಕೊಟ್ಟದ್ದೇ ಆ ಎಳೆಯಲ್ಲವೇ?

ಸುಗ್ಗಿ ಮುಗಿದು ಕಾರಟಗಿ ಕಡೆಯ ಮದುವೆಗಳ ಕೆಲಸ ಒಮ್ಮೆಲೇ ಬಂತು. ಎಲ್ಲವೂ ಕೆಂಪು ಸೆರಗಿನವು. ಆ ಕೆಂಪು ಕಾಕಾನ ಬಾನಿಯಿಂದಲೇ ಬರಬೇಕೆಂದು ನೇಕಾರರು ಹಟ ಹಿಡಿದರು. ತಪಾಸಣೆಯ ದಿನ ದಾಟಿತು. ನಾನು ಫೋನ್ ಮಾಡಿದೆ.

“ಎಳಿ ಹಾಲಿನಂಗ ಐತಿ, ಪೇಪರ್ ಸಾಹೇಬ. ಸಾಕ್ಷಿ ಮನ್ಯಾಗ ಇಟಗೊಂಡು ಕೋರ್ಟಿಗೆ ಯಾಕ ಅಡ್ಯಾಡ್ಲಿ?”

ಈ ಮಾತನ್ನು ವೈದ್ಯೆಗೆ ತಿಳಿಸಿದೆ. ರೋಗ ಮರಳಿದರೂ ಕಣ್ಣಿಗೆ ಕಾಣುವಷ್ಟು ರಕ್ತ ಬರಲೇಬೇಕೆಂದಿಲ್ಲ, ಬಿಳಿ ಎಳೆಯನ್ನು ನಂಬಬಾರದೆಂದು ಹೇಳಿ ಎಂದರು. ಹೇಳಿದೆ. “ಆತ್ರಿ, ಈ ಮದವಿ ಮುಗೀಲಿ,” ಎಂದರು ಕಾಕಾ. ಅದರ ಮುಂದಿನ ತಪಾಸಣೆಯೂ ದಾಟಿತು.

ಬೆನ್ನಿನ ಬಲಭಾಗ ನೋಯತೊಡಗಿದಾಗ ಒದ್ದೆ ಲಡಿ ಎತ್ತಿದ್ದಕ್ಕೆ ಎಂದುಕೊಂಡರು. ಎಣ್ಣೆ ತಿಕ್ಕಿಸಿಕೊಂಡರು. ಊಟ ಬೇಡವಾಯಿತು. ಕೊನೆಗೆ ಅಕ್ಕ ಬಾನಿಯ ಕೆಳಗಿನ ಒಲೆಗೆ ನೀರು ಸುರಿದು, “ಬಸ್ಸು ಹತ್ತು,” ಎಂದ ದಿನ ಕೊಪ್ಪಳಕ್ಕೆ ಬಂದರು. ಬಲ ಮೂತ್ರಪಿಂಡ ಊದಿಕೊಂಡಿತ್ತು. ನಾಳದಲ್ಲಿ ಗಡ್ಡೆ ಬೆಳೆದು ದಾರಿ ಕಟ್ಟಿತ್ತು, ಗೋಡೆ ದಾಟಿ ಹೊರಗೂ ಹರಡಿತ್ತು. ಕಾಕಾ ಜೇಬಿನಿಂದ ಆ ದಿನದ ಎಳೆ ತೆಗೆದು ಮೇಜಿನ ಮೇಲೆ ಇಟ್ಟರು. ಅದು ಬಿಳಿಯಾಗಿತ್ತು.

“ಬಂದ್ ಆದ ನಾಳದಾಗಿಂದ ಬಣ್ಣ ಹ್ಯಾಂಗ ಇಳೀಬೇಕ್ರಿ?” ಎಂದರು ವೈದ್ಯೆ. ದನಿ ಏರಿಸಲಿಲ್ಲ.

ಕಾಕಾ ಎಳೆಯನ್ನು ತಿರುಗಿ ಜೇಬಿಗೆ ಹಾಕಿಕೊಂಡರು.

ಹುಬ್ಬಳ್ಳಿಯಲ್ಲಿ ಕೆಲವು ಸುತ್ತು ಔಷಧಿ ಕೊಟ್ಟರು. ರೋಗ ನಿಲ್ಲಲಿಲ್ಲ. ಬಾನಿಯ ಕೆಲಸ ನಿಂತಿದ್ದರಿಂದ ಕೈಯ ಬಣ್ಣ ಮಾಸುತ್ತ ಬಂತು. ಮೊದಲು ಮೊಣಕೈ, ಆಮೇಲೆ ಅಂಗೈ, ಕೊನೆಗೆ ಉಗುರು. ಒಂದು ದಿನ ನಾನು ಅವರನ್ನು ಮೆಲ್ಲಗೆ ನಡೆಸಿಕೊಂಡು ಚಹಾ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಬರೀ ಗ್ಲಾಸು ತಂದಿಟ್ಟ.

“ಕಾಗದ ಎಲ್ಲೋ?” ಎಂದರು ಕಾಕಾ.

“ಕೈ ಸ್ವಚ್ಛ ಅದಾವಲ್ಲ ಕಾಕಾ.”

“ಇರ್ಲಿ, ಸುತ್ತು.”

ಅವನು ಒಳಗೆ ಹೋಗಿ ಕಾಗದ ಹರಿದು ಸುತ್ತಿ ತಂದುಕೊಟ್ಟ.

ಆ ತಿಂಗಳುಗಳಲ್ಲಿ ಅವರು ತಮ್ಮ ರೋಗದ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಹಟ ಹಿಡಿದದ್ದು ಒಂದೇ ವಿಷಯಕ್ಕೆ. ಅಕ್ಕ ತಪಾಸಣೆ ಮಾಡಿಸಿಕೊಳ್ಳಬೇಕು. ಬೀಡಿ ಅಕ್ಕ ಮುಟ್ಟಿದವರಲ್ಲ. ಬಾನಿ ಮಾತ್ರ ಇಬ್ಬರದೂ ಒಂದೇ. ನಾನು ಎದುರಿಗೆ ಕೂತಿದ್ದಾಗಲೇ ಒಮ್ಮೆ ಈ ಮಾತು ಬಂತು.

“ನಂದೂ ನೋಡೀನಿ,” ಎಂದರು ಅಕ್ಕ. “ಎಳಿ ಬಿಳಿ ಐತಿ.”

“ನಂದೂ ಬಿಳೀನ ಇತ್ತು.”

ಅಕ್ಕ ಗಂಜಿಯ ಬಟ್ಟಲನ್ನು ಕೆಳಗಿಟ್ಟರು. “ನಿನ್ನ ಹಿಂಗ ಮಲಗಿಸಿ ನಾ ದವಾಖಾನಿಗೆ ತಿರಗ್ಲೇನು? ಮಂದಿ ಏನಂದಾರು?”

“ಈಗ ಬ್ಯಾಡ. ನಾ ಹ್ವಾದ ಮ್ಯಾಲ ಹೋಗು. ಪೇಪರ್ ಸಾಹೇಬ್ರ, ನೀವು ಸಾಕ್ಷಿ. ಈ ಸಾಕ್ಷಿ ಆದ್ರೂ ಛಲೋ ನಿಲ್ಲಲಿ.”

“ಮೊದಲ ಗಂಜಿ ಕುಡಿ,” ಎಂದರು ಅಕ್ಕ. ಬಟ್ಟಲನ್ನು ತಿರುಗಿ ಎತ್ತಿಕೊಟ್ಟರು.

ಕಾಕಾ ತೀರಿಕೊಂಡ ದಿನ ಊರಿನ ಮಗ್ಗಗಳು ಮಧ್ಯಾಹ್ನದವರೆಗೆ ನಿಂತಿದ್ದವು. ಮಣ್ಣು ಕೊಟ್ಟು ಬಂದ ಮೇಲೆ ಅಂಗಳದಲ್ಲಿ ಕೂತ ನೇಕಾರರು ಇನ್ನು ಆ ಕೆಂಪನ್ನು ಎಲ್ಲಿಂದ ತರುವುದೆಂದು ಮಾತಾಡಿಕೊಂಡರು. ಒಬ್ಬರು, “ಅಕ್ಕಗ ಬರ್ತೈತಲ್ಲ,” ಎಂದರು. ಅಕ್ಕ ಒಳಗಿನಿಂದ ಕೇಳಿಸಿಕೊಂಡರು. ದಿನಕರ್ಮ ಮುಗಿದ ಮೇಲೆ ನಾನು ಹೋದಾಗ ಎರಡೂ ಬಾನಿಗಳು ಹಿತ್ತಲಲ್ಲಿ ಬೋರಲು ಬಿದ್ದಿದ್ದವು. ತಪಾಸಣೆಯ ಮಾತು ತೆಗೆದೆ. “ನೋಡೂಣ್ರಿ,” ಎಂದರು. ಗೋಡೆಯ ಮೊಳೆಗೆ ಹೊಸ ಎಳೆಯೊಂದು ಜೋತಾಡುತ್ತಿತ್ತು. ಅದು ಅಕ್ಕನದು. ಬಿಳಿಯಾಗಿತ್ತು. ಪುಷ್ಯದಲ್ಲಿ ಫೋನ್ ಮಾಡಿದಾಗಲೂ ಅದೇ ಉತ್ತರ.

ಮಾಘದ ಒಂದು ಶನಿವಾರ ಅಕ್ಕ ಯಾರಿಗೂ ಹೇಳದೆ ಒಬ್ಬರೇ ಬಸ್ಸು ಹತ್ತಿ ಕೊಪ್ಪಳಕ್ಕೆ ಬಂದರು. ವೈದ್ಯೆಯ ಕೋಣೆಯ ಹೊರಗಿನಿಂದ ನನಗೆ ಫೋನ್ ಮಾಡಿ ಕರೆಸಿಕೊಂಡರು. ಸೆರಗಿನ ಗಂಟು ಬಿಚ್ಚಿ ಎಳೆ ತೆಗೆದು ಮೇಜಿನ ಮೇಲೆ ಇಟ್ಟರು.

“ಬಿಳಿ ಐತ್ರಿ,” ಎಂದರು. “ಆದ್ರೂ ನೋಡ್ರಿ.”

ಸೂಕ್ಷ್ಮದರ್ಶಕದಲ್ಲಿ ಅವರ ಮೂತ್ರದಲ್ಲಿ ರಕ್ತಕಣಗಳು ಕಂಡವು. ವಯಸ್ಸು ಮತ್ತು ಕೆಲಸ ಎರಡನ್ನೂ ಗಮನಿಸಿ ಸ್ಕ್ಯಾನ್ ಮಾಡಿಸಿದರು, ದುರ್ಬೀನು ಹಾಕಿ ನೋಡಿದರು. ಮೂತ್ರಚೀಲದಲ್ಲಿ ಜೋಳದ ಕಾಳಿನಷ್ಟು ಗಡ್ಡೆ ಇತ್ತು. ಹುಬ್ಬಳ್ಳಿಯಲ್ಲಿ ತೆಗೆದರು. ರೋಗ ಒಳಪದರದಲ್ಲೇ ಇದೆ, ಅದರ ಕೆಳಗೆ ಇಳಿದಿಲ್ಲ, ಮೇಲಿನ ನಾಳಗಳಲ್ಲಿ ಏನೂ ಇಲ್ಲ ಎಂದು ವರದಿ.

ಮೂರು ತಿಂಗಳ ತಪಾಸಣೆಗೆ ಅವರು ಕಳೆದ ಶನಿವಾರ ಬಂದಿದ್ದರು. ಸ್ವಚ್ಛವಾಗಿದೆ ಎಂದು ವೈದ್ಯೆ ಬರೆದುಕೊಟ್ಟಿದ್ದಾರೆ. ಮುಂದಿನ ತಪಾಸಣೆ ಶ್ರಾವಣದಲ್ಲಿದೆ.